ತಂಗಿಯ ಎರಡು ಗುಂಡಿಯ ಪೆಡಲ್

ಹಾಡಿದ ದನಿಯನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಲೂಪರ್ ಯಂತ್ರವನ್ನು, ಮದುವೆಗಳಲ್ಲಿ ಹಾಡುವ ನಾನೂ ತಂಗಿಯೂ ಒಂದೊಂದು ಕೊಂಡೆವು. ಅದನ್ನು ಕಾಲಲ್ಲಿ ನಡೆಸಲು ನಾನು ಆರು ಗುಂಡಿಯ ಪೆಡಲ್ ಆರಿಸಿದೆ, ಅವಳು ಎರಡು ಗುಂಡಿಯದನ್ನು.

ಹನೂರಿನ ಮದುವೆಯಲ್ಲಿ ನನ್ನ ಕಾಲು ತಪ್ಪು ಗುಂಡಿ ಒತ್ತಿ ಹಾಡು ಅರ್ಧಕ್ಕೇ ನಿಂತಿತು. ಆಮೇಲೆ ತಂಗಿ ಕೆಳಗೆ ನೋಡದೆಯೇ ಬರಿಗಾಲಲ್ಲಿ ಒತ್ತುತ್ತಾ, ತನ್ನೊಬ್ಬಳ ದನಿಯನ್ನೇ ಒಂದರ ಮೇಲೊಂದು ಪೇರಿಸಿ ಸೋಬಾನೆ ಹಾಡುವ ಹೆಂಗಸರ ಗುಂಪನ್ನೇ ಕಟ್ಟಿದಳು. ಜನ ಅವಳನ್ನು ಮುತ್ತಿಕೊಂಡರು. ನನಗೆ ಹೊಟ್ಟೆ ಉರಿಯಿತು.

ಕೊಳ್ಳೇಗಾಲದ ಬಸ್ಸಿನಲ್ಲಿ, "ನಿನ್ ಪೆಡಲ್ಲು ನಂಗೆ ಕೊಡು, ನಂದು ನೀನಿಟ್ಕೊ," ಅಂದೆ.

"ತಕ್ಕೊ ಅಕ್ಕ, ಅದ್ಕೇನಂತೆ," ಎಂದು ಕೊಟ್ಟೇಬಿಟ್ಟಳು.

ಮುಂದಿನ ಮದುವೆ ಯಳಂದೂರಿನಲ್ಲಿ. ಎರಡೇ ಗುಂಡಿಯಿದ್ದರೂ ನನ್ನ ತಾಳ ತಪ್ಪಿತು. ಅವಳು ನನ್ನ ಆರು ಗುಂಡಿಗಳನ್ನೂ ಅಷ್ಟೇ ಸಲೀಸಾಗಿ ಒತ್ತಿ ಹಾಡಿದಳು. ಎಲ್ಲರೊಂದಿಗೆ ನಾನೂ ಚಪ್ಪಾಳೆ ತಟ್ಟಿದೆ, ಆದರೆ ಅವಳ ಮುಖ ನೋಡಲಾಗಲಿಲ್ಲ.