ತುಟಿಗಳ ನಡುವಿನ ಗುಂಡುಸೂಜಿ

ಅತಿ ವೃದ್ಧರ ಶುಶ್ರೂಷೆಯೆಂಬುದು ದಾದಿಯರ ವೃತ್ತಿಯಲ್ಲಿ ಯಾರೂ ಬಯಸಿ ಪಡೆಯುವ ಹೊಣೆಯಲ್ಲ. ಗುಣವಾಗಿ ಮನೆಗೆ ಮರಳುವವರೇ ಇಲ್ಲದ ಆ ವಾರ್ಡಿಗೆ ವರ್ಗವಾದರೆ, ಏನು ತಪ್ಪು ಮಾಡಿದೆಯೆಂದು ಗೆಳತಿಯರೇ ಕೇಳುವುದುಂಟು. ಅಂಥ ವಾರ್ಡನ್ನು ತಾವಾಗಿ ಕೇಳಿ ಪಡೆದು, ನಿವೃತ್ತಿಯ ತನಕ ಅಲ್ಲಿಯೇ ಉಳಿದು, ಅದಕ್ಕೊಂದು ಘನತೆಯನ್ನು ತಂದುಕೊಟ್ಟವರು ನಮ್ಮ ಹಿರಿಯ ದಾದಿ. ಎದುರಿಗೆ ಅವರು ಎಲ್ಲರಿಗೂ ‘ದೊಡ್ಡಕ್ಕ’. ಬೆನ್ನ ಹಿಂದೆ ‘ಯಾಕಿರಬಹುದು ಸಿಸ್ಟರ್’. ಅವರಿಗೆಂದೇ ತಂದಿರುವ ಈ ಅಭಿನಂದನ ಗ್ರಂಥದಲ್ಲೇ ಆ ಗುಟ್ಟು ರಟ್ಟಾಗುತ್ತಿರುವುದಕ್ಕೆ ಅವರ ಕ್ಷಮೆಯಿರಲಿ.

ಅವರ ಕೈಕೆಳಗೆ ತರಬೇತಿಗೆ ಸೇರಿದಾಗ ನಾನು ನಿರೀಕ್ಷಿಸಿದ್ದು ಕರುಣೆಯ ಉಪದೇಶವನ್ನು. ದೊಡ್ಡಕ್ಕನವರಿಗೋ ಕರುಣೆಯ ಮೇಲೆ ಅಷ್ಟೇನೂ ಭರವಸೆಯಿರಲಿಲ್ಲ. ಅದು ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿಬಿಡುತ್ತದೆ ಎನ್ನುತ್ತಿದ್ದರು. ಯಾರಾದರೂ ಔಷಧಿ ಉಗುಳಿದರೆ, ಹೊದಿಕೆ ಕಿತ್ತೆಸೆದರೆ, ನಾವು ಹಟವೆಂದು ತೀರ್ಮಾನಿಸಿ ಮುಂದೆ ಹೋಗುತ್ತಿದ್ದೆವು. ಅವರು ಕುರ್ಚಿ ಎಳೆದುಕೊಂಡು ಕೂತು, ‘ಯಾಕಿರಬಹುದು?’ ಎನ್ನುತ್ತಿದ್ದರು. ಎಷ್ಟೋ ಸಲ ಉತ್ತರ ಸಿಗುತ್ತಿರಲಿಲ್ಲ. ಆಗ ಎದ್ದು ಕೈತೊಳೆದುಕೊಂಡು ಪಕ್ಕದ ಮಂಚಕ್ಕೆ ಹೋಗುತ್ತಿದ್ದರು.

ವಯಸ್ಸಾದವರನ್ನು ಕೂಸುಗಳಂತೆ ಮುದ್ದಿಸಿ ಮಾತಾಡಿಸುವುದು ವಾರ್ಡಿನ ರೂಢಿಯಾಗಿತ್ತು. ಒಮ್ಮೆ ನಮ್ಮಲ್ಲೊಬ್ಬಳು ಚಮಚ ಹಿಡಿದು, ‘ಪುಟ್ಟಾ, ಆ ಮಾಡು’ ಎಂದದ್ದು ಅವರ ಕಿವಿಗೆ ಬಿತ್ತು.

“ನಿಮ್ಮಜ್ಜಿಗಿಂತ ದೊಡ್ಡೋರು ಕಣೇ ಅವ್ರು. ಪುಟ್ಟ ಯಾರು, ಅವ್ರೋ ನೀನೋ?”

ಆ ‘ಪುಟ್ಟ’ ತೊಂಬತ್ತು ದಾಟಿದ, ಮಾತು ನಿಂತುಹೋಗಿದ್ದ ಒಬ್ಬ ತಾಯಿ. ಚಮಚ ಹತ್ತಿರ ಬಂದರೆ ಸಾಕು, ತುಟಿ ಬಿಗಿಯುತ್ತಿದ್ದರು. ದಿನೇ ದಿನೇ ಸೊರಗಿ ಮೈ ಮೂಳೆಚಕ್ಕಳವಾಗಿತ್ತು. ಮರುದಿನ ಮೂಗಿಗೆ ಪೈಪು ಹಾಕುವುದೆಂದು ವೈದ್ಯರು ನಿರ್ಧರಿಸಿದ್ದರು. ಪೈಪು ಕಿತ್ತುಕೊಳ್ಳದಂತೆ ಕೈಗಳನ್ನು ಮಂಚಕ್ಕೆ ಕಟ್ಟಬೇಕಾಗುತ್ತದೆಂದು ತಿಳಿದಾಗಿನಿಂದ ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು.

ಅಂದು ದೊಡ್ಡಕ್ಕ ಬಾಯಿಯನ್ನು ಬಿಟ್ಟು ಕೈಗಳನ್ನು ನೋಡುತ್ತಾ ಕೂತರು. ಬೆರಳುಗಳು ಹೊದಿಕೆಯ ಅಂಚನ್ನು ಮಡಿಸುತ್ತಿದ್ದವು, ಒತ್ತುತ್ತಿದ್ದವು, ಮತ್ತೆ ಮಡಿಸುತ್ತಿದ್ದವು. ಇವರು ಏನು ಮಾಡುತ್ತಿದ್ದಾರೆಂದು ಮಗಳನ್ನು ಕೇಳಿದರು. ಅಮ್ಮ ಬಟ್ಟೆ ಹೊಲಿದೇ ನಮ್ಮನ್ನೆಲ್ಲ ಸಾಕಿದ್ದು, ಅಂಚು ಮಡಿಸುವ ಅಭ್ಯಾಸ ಕೈಬಿಟ್ಟಿಲ್ಲ ಎಂದರು ಮಗಳು.

“ಆವಾಗ್ಲೂ ಬಾಯಿ ಹೀಗೇ ಇರ್ತಿತ್ತಾ?”

“ಹೂಂ ಸಿಸ್ಟರ್. ತುಟೀಲಿ ಗುಂಡುಸೂಜಿ ಕಚ್ಕೊಂಡಿರ್ತಿದ್ರಲ್ಲ. ನಾವೇನು ಕೇಳಿದ್ರೂ ಬರೀ ಹೂಂ, ಊಹೂಂ.”

ದೊಡ್ಡಕ್ಕ ಚಮಚವನ್ನು ಕೆಳಗಿಟ್ಟರು. ಅಂಗೈಯನ್ನು ಆ ತಾಯಿಯ ಗಲ್ಲದ ಬಳಿ ಚಾಚಿದರು.

“ಸೂಜಿ ನನ್ ಕೈಲಿ ಕೊಡೀಮ್ಮ. ಊಟ ಆಗೋವರ್ಗೂ ನಾನು ಹಿಡ್ಕೊಂಡಿರ್ತೀನಿ.”

ಆ ತಾಯಿ ಅಂಗೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎರಡು ಬೆರಳಿನಿಂದ, ಇಲ್ಲದ ಸೂಜಿಗಳನ್ನು ತುಟಿಯಿಂದ ಒಂದೊಂದಾಗಿ ತೆಗೆದು ಅದರಲ್ಲಿಟ್ಟರು. ಬಾಯಿ ತೆರೆಯಿತು. ದೊಡ್ಡಕ್ಕ ಎಡಗೈ ಮುಷ್ಟಿ ಹಿಡಿದೇ ಬಲಗೈಯಿಂದ ಗಂಜಿ ಕುಡಿಸಿದರು. ಕೊನೆಯಲ್ಲಿ ಬಾಯಿ ಒರೆಸಿ, ಸೂಜಿಗಳನ್ನೆಲ್ಲ ಜೋಪಾನವಾಗಿ ಹಿಂದಿರುಗಿಸಿದರು. ನನಗೆ ನಗುವೂ ಬಂತು, ಅಳುವೂ ಬಂತು.

ದಿನವೂ ಇದು ಫಲಿಸಿತೆಂದಲ್ಲ. ಆದರೆ ಕೈಗಳನ್ನು ಕಟ್ಟುವ ಪ್ರಸಂಗ ಕೊನೆಯವರೆಗೂ ಬರಲಿಲ್ಲ. ವೈದ್ಯರು ಕೂಡ ಬಾಯಿ ಪರೀಕ್ಷಿಸುವ ಮುನ್ನ ಅಂಗೈ ಚಾಚುವುದನ್ನು ರೂಢಿಸಿಕೊಂಡರು.

ಈಗ ದೊಡ್ಡಕ್ಕ ನಿವೃತ್ತರು. ವಾರ್ಡಿನ ಹೊಣೆ ನನ್ನದು. ಕಿಟಕಿ ಪಕ್ಕದ ಮಂಚದ ತಾತ ದಿನವೂ ದಿಂಬನ್ನು ನೆಲಕ್ಕೆಸೆಯುತ್ತಾರೆ. ಕಾರಣ ಇನ್ನೂ ತಿಳಿದಿಲ್ಲವಾದ್ದರಿಂದ ದೊಡ್ಡಕ್ಕ ವಾರಕ್ಕೊಮ್ಮೆ ಬಂದು ನೋಡುವುದಾಗಿ ಹೇಳಿದ್ದಾರೆ. ಬರುತ್ತಲೇ ಇರಲಿ.

ದೊಡ್ಡಕ್ಕ, ನೀವು ಆರೋಗ್ಯವಾಗಿ ಬಹುಕಾಲ ಬಾಳಿ, ನಾವು ನೋಡಿಕೊಂಡ ಎಲ್ಲರಿಗಿಂತ ಹಣ್ಣುಹಣ್ಣು ಮುದುಕಿಯಾಗಬೇಕು. ಮುಂದೊಂದು ದಿನ ನೀವೂ ತುಟಿ ಬಿಗಿದು ಕೂತರೆ, ಅಲ್ಲಿ ಏನು ಹಿಡಿದುಕೊಂಡಿರುತ್ತೀರೆಂದು ನಮಗೆ ಇಂದು ಗೊತ್ತಿಲ್ಲ. ಕೇಳುತ್ತೇವೆ. ಏನೇ ಇರಲಿ, ನಮ್ಮ ಕೈಗೆ ಕೊಡಿ. ಊಟವಾದ ಮೇಲೆ ಹಿಂದಿರುಗಿಸುತ್ತೇವೆ.