ಕೆಂಪು ನೂಲೆಂದು ಕೈ ಹಾಕಿದ್ದು

ಕೋವಿಡ್ ಹಾವಳಿ ತಣ್ಣಗಾದ ಮರುವರ್ಷದ ಬೇಸಿಗೆ. ಆಗ ನಾನು ರಬಕವಿಯಲ್ಲಿದ್ದುಕೊಂಡು ಕೃಷ್ಣೆಯ ದಂಡೆಯ ಊರುಗಳಿಗೆ ಡೈವಿಂಗ್ ಕೆಲಸ ಮಾಡಿಕೊಡುತ್ತಿದ್ದೆ. ಬ್ಯಾರೇಜಿನ ಗೇಟು ಸಿಕ್ಕಿಕೊಂಡರೆ, ಜಾಕ್‌ವೆಲ್ಲಿನ ಬಾಯಿ ಕಟ್ಟಿಕೊಂಡರೆ ನನಗೆ ಫೋನು. ಜಾಕ್‌ವೆಲ್ ಎಂದರೆ ಊರಿಗೆ ನೀರೆತ್ತಲು ಹೊಳೆಯಂಚಿಗೆ ಕಟ್ಟಿದ ದೊಡ್ಡ ಬಾವಿ. ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಮಗ್ಗದ ಸದ್ದು ಸಾಕಾಗಿತ್ತು. ಕಡಲ ತೀರಕ್ಕೆ ಹೋಗಿ ಸ್ಕೂಬಾ ಕಲಿತು ಬಂದಿದ್ದೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಲ್ಲಿ ಆ ಗಾಳಿ ಕೊಡುವ ರೆಗ್ಯುಲೇಟರ್. ನೀರಿಗಿಳಿದ ಕೂಡಲೇ ಲೋಕದ ಗದ್ದಲ ನಿಂತು ನನ್ನ ಉಸಿರು ಮಾತ್ರ ಕೇಳುತ್ತಿತ್ತು.

ಅಂದು ಜಾಕ್‌ವೆಲ್ಲಿನ ಜಾಲರಿ ಕಟ್ಟಿಕೊಂಡು ಊರಿಗೆ ನೀರು ನಿಂತಿತ್ತು. ದಂಡೆಯ ಮೇಲೆ ಹಗ್ಗ ಹಿಡಿದವನು ನನ್ನ ಸೋದರಮಾವನ ಮಗ ಈರಪ್ಪ. ಸೊಂಟಕ್ಕೆ ಕಟ್ಟಿದ ಆ ಹಗ್ಗವೇ ನಮ್ಮಿಬ್ಬರ ಮಾತು: ಒಮ್ಮೆ ಜಗ್ಗಿದರೆ ಕ್ಷೇಮ, ಒಂದೇ ಸಮನೆ ಜಗ್ಗಿದರೆ ಎಳೆದುಕೋ.

ಬೇಸಿಗೆಯ ನೀರು ತಿಳಿಯಾಗಿತ್ತು. ಜಾಲರಿಯ ಪಕ್ಕದ ಜೊಂಡಿನಲ್ಲಿ ಕೆಂಪಗೆ ಒಂದು ಮುದ್ದೆ ತೇಲುತ್ತಿತ್ತು. ಬಣ್ಣ ಹಾಕುವವರು ಹೊಳೆಯಲ್ಲಿ ಜಾಲಿಸುವಾಗ ಜಾರಿ ಹೋದ ನೂಲಿನ ಲಡಿಗಳನ್ನು ಇಂಥ ಜಾಲರಿಗಳಿಂದ ನಾನೇ ಎಷ್ಟೋ ಸಲ ಕಿತ್ತಿದ್ದೇನೆ. ನಮ್ಮ ಮನೆಯ ಬಾಗಿಲಲ್ಲಿ ಹಗಲೆಲ್ಲ ಒಣಗುತ್ತಿದ್ದ ಲಡಿಗಳೂ ಇದೇ ಕೆಂಪು. ಬೇರೆ ಊರಿನ ಡೈವರ್ ಆಗಿದ್ದರೆ ಇದೇನೆಂದು ಒಂದು ಗಳಿಗೆ ನೋಡುತ್ತಿದ್ದ. ನಾನು ಸೀದಾ ಕೈ ಹಾಕಿದೆ.

ನೂಲು ಚೆದುರಿ ಓಡಿತು. ಅವು ಮರಿಗಳು! ಮರಲ್ ಎಂಬ ಮೀನಿನ ಮರಿಗಳು ಹುಟ್ಟಿದ ಹೊಸತರಲ್ಲಿ ಹೀಗೆ ಕೆಂಪಗೆ ಗುಂಪುಗೂಡಿ ತಿರುಗುತ್ತವೆ. ಹೆತ್ತ ಮೀನು ಅಲ್ಲೇ ಕಾವಲಿರುತ್ತದೆ. ಇದನ್ನು ಓದಿಯೂ ಇದ್ದೆ. ನೆನಪಾಗುವ ಮೊದಲೇ ಏಟು ಬಿತ್ತು.

ನನ್ನ ತೋಳಿನಷ್ಟು ಉದ್ದದ ಮೀನು ಮುಖಕ್ಕೆ ಗುದ್ದಿ ಮಾಸ್ಕ್ ಕಿತ್ತಿತು. ಎರಡನೆಯ ಸಲ ಎಡಗಿವಿಗೆ ಅಪ್ಪಳಿಸಿತು. ಕಿವಿಯೊಳಗೆ ತಣ್ಣೀರು ನುಗ್ಗಿದ್ದೇ ತಡ, ಮೇಲು ಯಾವುದು ಕೆಳಗು ಯಾವುದು ತಿಳಿಯದಾಯಿತು. ರೆಗ್ಯುಲೇಟರ್ ಕಚ್ಚಿ ಹಿಡಿದು ಹಗ್ಗ ಜಗ್ಗಿದೆ, ಜಗ್ಗುತ್ತಲೇ ಇದ್ದೆ. ಈರಪ್ಪ ಎಳೆದು ದಂಡೆಗೆ ಹಾಕಿದ.

“ಲೇ ಮಲ್ಲ್ಯಾ, ಏನಾತೋ? ಮೊಸಳಿ ಏನ?” ಎಂದು ಕೂಗಿದ.

“ಮೊಸಳಿ ಅಲ್ಲೋ,” ಎಂದೆ. “ಹಡದಾಕಿ.”

ಬಲೆ ಹಾಕಿ ಹಿಡಿದುಬಿಡೋಣವೆಂದು ಪಂಪಿನವರು ಹೊರಟಿದ್ದರು, ನಾನು ಒಪ್ಪಲಿಲ್ಲ. ಮರುದಿನ ಜಮಖಂಡಿಯಿಂದ ಬಂದ ಡೈವರ್ ಒಂದು ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿಯನ್ನು ಗುರಾಣಿಯಂತೆ ಹಿಡಿದು, ಇನ್ನೊಂದು ಕೈಯಲ್ಲಿ ಜಾಲರಿ ಬಿಡಿಸಿ ಬಂದ. ಊರಿಗೆ ನೀರು ಬಂತು. ಬುಟ್ಟಿಗೆ ಬಿದ್ದ ಗುದ್ದಿನ ಕಥೆ ಹೇಳಿ ಎಲ್ಲರೂ ನಕ್ಕರು, ನಾನೂ ನಕ್ಕೆ.

ನನ್ನ ಕಿವಿಯ ಪರದೆ ಹರಿದಿತ್ತು. ಆಪರೇಷನ್ ಆಯಿತು, ಪರದೆ ಕೂಡಲಿಲ್ಲ. ತೂತಿರುವ ಕಿವಿಯಲ್ಲಿ ನೀರಿಗಿಳಿದರೆ ಮತ್ತೆ ತಲೆ ತಿರುಗುತ್ತದೆ. ಕೆಳಗೆ ತಲೆ ತಿರುಗಿದರೆ ಜೀವಕ್ಕೇ ಸಂಚಕಾರ. “ಇನ್ನ ನೀರಿನ ಆಸೆ ಬಿಡ್ರಿ,” ಎಂದರು ಡಾಕ್ಟರು. “ಜಳಕಾ ಮಾಡೂ ಮುಂದೂ ಕಿವ್ಯಾಗ ಹತ್ತಿ ಇಟ್ಕೋರಿ.”

ಮೀನಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನೀರಿನಲ್ಲಿ ಕೈಗಿಂತ ಮೊದಲು ಕಣ್ಣು ಹೋಗಬೇಕು, ಕಂಡದ್ದನ್ನು ನಮ್ಮ ಮನೆಯದೆಂದು ತಿಳಿಯಬಾರದು: ಈ ವೃತ್ತಿ ನನಗೆ ಕಲಿಸಿದ ಪಾಠ ಇಷ್ಟೇ. ಹೊಸ ಡೈವರ್‌ಗಳಿಗೆ ಮೊದಲು ಇದನ್ನೇ ಹೇಳುತ್ತೇನೆ.

ಈಗ ಹಗ್ಗ ಹಿಡಿಯುವವನು ನಾನು. ಮುಧೋಳದ ಬಸವರಾಜ ಇಳಿಯುತ್ತಾನೆ. ಅವನ ಗುಳ್ಳೆಗಳು ಒಡೆಯುವ ಜಾಗವನ್ನೇ ನೋಡುತ್ತ ಕೂರುತ್ತೇನೆ. ನನಗೆ ಗೊತ್ತಿಲ್ಲದೆಯೇ ಅವನ ಜೊತೆ ಉಸಿರು ಎಳೆದು ಬಿಡುತ್ತಿರುತ್ತೇನೆ. ಅವನು ಮೇಲೆ ಬಂದ ಕೂಡಲೇ ತಡೆಯಲಾರದೆ ಕೇಳುತ್ತೇನೆ, “ಒಳಗ ಹೆಂಗೈತೋ?”

“ಏನೈತ್ರಿ ಕಾಕಾ, ಬರೇ ರಾಡಿ. ಏನೂ ಕಾಣಂಗಿಲ್ಲ,” ಎನ್ನುತ್ತಾನೆ.

ಛಲೋ ಆತು, ಮೈ ಒರಸ್ಕೋ ಎಂದು ಟವೆಲ್ ಕೊಡುತ್ತೇನೆ. ಆ ರಾಡಿಯೊಳಗೆ ಒಂದೇ ಒಂದು ಉಸಿರಿನ ಹೊತ್ತು ಇದ್ದು ಬರಲು ನಾನು ಇನ್ನೊಂದು ಕಿವಿಯನ್ನೂ ಕೊಟ್ಟೇನು.