ಬೀದಿಗೆ ಬಂದ ಕ್ಲಾಸು

ನಮ್ಮ ಮೈಸೂರಿನಲ್ಲಿ ಕಾನ್ವೆಂಟು ಎಂದರೆ ಇಂಗ್ಲಿಷ್ ಶಾಲೆ. ಸನ್ಯಾಸಿನಿಯರು ನಡೆಸಲಿ, ಯಾರೋ ರಿಟೈರಾದವರು ತಮ್ಮ ಮನೆಯ ಗ್ಯಾರೇಜಿನಲ್ಲಿ ನಡೆಸಲಿ, ಮಕ್ಕಳು ಟೈ ಕಟ್ಟಿಕೊಂಡು ಹೋದರೆ ಅದು ಕಾನ್ವೆಂಟು. ಆ ಪದಕ್ಕೆ ಬೇರೆ ಅರ್ಥವಿದೆ ಎಂದು ನನಗೆ ತಿಳಿದದ್ದು ಅಮೆರಿಕದ ಹೇವರ್ಡಿನಲ್ಲಿ, ಅದೂ ಫೋನಿನಲ್ಲಿ. ಮಗಳಿಗೆ ಆಗ ಆರು ವರ್ಷ. ಸರ್ಕಾರಿ ಶಾಲೆಯ ಕಿಂಡರ್‌ಗಾರ್ಟನ್ನಿನಲ್ಲಿ ಮೊದಲು ಅಷ್ಟೋ ಇಷ್ಟೋ ಮಾತಾಡಿದವಳು ಮಾರ್ಚಿನಿಂದ ಪೂರ್ತಿ ಬಾಯಿ ಮುಚ್ಚಿದ್ದಳು. ಮನೆಯಲ್ಲಿ ಮಾತ್ರ ಕನ್ನಡದಲ್ಲಿ ಎರಡು ಮಾತು, ಅದೂ ಪಿಸುಗುಟ್ಟಿದ ಹಾಗೆ. ಕಾನ್ವೆಂಟಿಗೆ ಹಾಕಿದರೆ ಸರಿಹೋಗುತ್ತಾಳೆ ಎಂದು ನಾನು ತೀರ್ಮಾನಿಸಿದೆ. ಫೋನ್ ಡೈರೆಕ್ಟರಿಯಲ್ಲಿ ಆ ಪದ ಹುಡುಕಿ ನಂಬರು ತಿರುಗಿಸಿದೆ.

ವಯಸ್ಸಾದ ಹೆಂಗಸೊಬ್ಬರು ಎತ್ತಿಕೊಂಡರು. ಮಗಳನ್ನು ಕಾನ್ವೆಂಟಿಗೆ ಸೇರಿಸಬೇಕು ಎಂದೆ. ಎಷ್ಟು ವಯಸ್ಸು ಎಂದರು. ಆರು ಎಂದೆ. ಅವಳಿಗೆ ಕರೆ ಕೇಳಿಸಿದೆಯೇ ಎಂದು ಬಹಳ ಮೆತ್ತಗೆ ಕೇಳಿದರು.

ಕಿವಿ ಚೆನ್ನಾಗಿಯೇ ಇದೆ, ಡಾಕ್ಟರಿಗೆ ತೋರಿಸಿದ್ದೇವೆ, ಮಾತೊಂದೇ ಇಲ್ಲ ಎಂದೆ.

ಅದು ಸನ್ಯಾಸಿನಿಯರು ವಾಸ ಮಾಡುವ ಮನೆಯಂತೆ. ನನ್ನ ಮಗಳಿಗೆ ಸನ್ಯಾಸಕ್ಕೆ ದೇವರ ಕರೆ ಬಂದಿದೆಯೇ ಎಂದು ಅವರು ಕೇಳಿದ್ದು. ವಿಷಯ ತಿಳಿದು ಪಾಪ ಆಕೆ ತುಂಬ ಹೊತ್ತು ನಕ್ಕರು, ಚರ್ಚಿನ ಪಕ್ಕದ ಶಾಲೆಯ ನಂಬರು ಕೊಟ್ಟರು. ಬೇರೆ ಕಾಲದಲ್ಲಾಗಿದ್ದರೆ ನಾನೂ ನಗುತ್ತಿದ್ದೆ.

ಆ ಮಾರ್ಚಿನಲ್ಲಿ ನನ್ನ ಎರಡನೆಯ ಹೆರಿಗೆಯಾಗಿತ್ತು. ಮಗು ಉಳಿಯಲಿಲ್ಲ. ಆಸ್ಪತ್ರೆಯಿಂದ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ನನ್ನ ಗಂಡನಾಗಲಿ ನಾನಾಗಲಿ ಆ ಮಾತು ಎತ್ತಲಿಲ್ಲ. ಮಗಳಿಗಂತೂ ಏನೂ ಹೇಳಲಿಲ್ಲ. ಚಿಕ್ಕವಳು, ಮರೆಯುತ್ತಾಳೆ ಎಂದುಕೊಂಡೆವು. ನನಗೆ ಅಳು ಬರಲಿಲ್ಲ. ನಿಜ ಹೇಳಬೇಕೆಂದರೆ ಏನೂ ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಹೇಗಿರುತ್ತದೋ ಮೈಯೆಲ್ಲ ಹಾಗಿತ್ತು. ಅನ್ನ ಮಾಡುತ್ತಿದ್ದೆ, ಬಟ್ಟೆ ಮಡಿಸುತ್ತಿದ್ದೆ, ಹಾಲು ತರಲೆಂದೇ ಗ್ರೋಸರಿಗೆ ಹೋಗಿ ಹಾಲು ಬಿಟ್ಟು ಮಿಕ್ಕಿದ್ದೆಲ್ಲ ತರುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಮಗಳು ಆ ಶಾಲೆಗೆ ಸೇರಿದಳು. ಪ್ರಿನ್ಸಿಪಾಲರು ಆರಡಿ ಎತ್ತರದ ಒಬ್ಬ ಸಿಸ್ಟರು. ಓದಿನಲ್ಲಿ, ಮಾತಿನಲ್ಲಿ ಹಿಂದುಳಿದ ಮಕ್ಕಳಿಗಾಗಿ ಮಂಗಳವಾರ ಮತ್ತು ಗುರುವಾರ ಒಬ್ಬ ಟೀಚರ್ ಬರುತ್ತಾರೆ ಎಂದು ಅವರೇ ಹೇಳಿದರು. ಆ ಟೀಚರಿಗೆ ಸಂಬಳ ಕೊಡುವುದು ಸರ್ಕಾರ. ಹಾಗಾಗಿ ಅವರು ಕೂರುವ ಕೋಣೆಯಲ್ಲಿ ಧರ್ಮದ ಗುರುತು ಇರಕೂಡದು. ಆ ಎರಡು ದಿನ ಬೆಳಿಗ್ಗೆ ಸಿಸ್ಟರ್ ಕೈಚಾಚಿ ಗೋಡೆಯ ಶಿಲುಬೆ ಇಳಿಸಿ, ಟವೆಲಿನಲ್ಲಿ ಸುತ್ತಿ, ಡ್ರಾಯರಿನಲ್ಲಿಟ್ಟು, ಸಾಯಂಕಾಲ ಮತ್ತೆ ನೇತುಹಾಕುತ್ತಿದ್ದರು. ಮಡಿಬಟ್ಟೆ ಒಣಹಾಕಿ ತೆಗೆಯುವಷ್ಟು ಸಹಜವಾಗಿ ಮಾಡುತ್ತಿದ್ದರು. ನನಗೆ ಇದು ದೊಡ್ಡ ತಮಾಷೆಯಾಗಿ ಕಂಡಿತು. ಮದುವೆಗೆ ಮುಂಚೆ ನಾನೂ ಮೈಸೂರಿನಲ್ಲಿ ಮಿಷನ್ ಶಾಲೆಯ ಟೀಚರಾಗಿದ್ದವಳು. ಅದು ಅನುದಾನಿತ ಶಾಲೆ, ಸಂಬಳ ಸರ್ಕಾರದ್ದು, ಪ್ರಾರ್ಥನೆ ಯೇಸುವಿನದು. ಇನ್‌ಸ್ಪೆಕ್ಟರು ಬಂದಾಗ ಅವರೂ ನಾಮ ಹಚ್ಚಿದ ಹಣೆ ಬಗ್ಗಿಸಿ ಆಮೆನ್ ಎಂದು, ಆಮೇಲೆ ಹಾಜರಿ ಪುಸ್ತಕ ನೋಡುತ್ತಿದ್ದರು.

ಟೀಚರು ಐವತ್ತರ ಆಸುಪಾಸಿನವರು, ದಪ್ಪಗಿದ್ದರು, ಅವಸರವೇ ಇರಲಿಲ್ಲ. ಮಗಳು ಮೂರು ತಿಂಗಳು ಅವರ ಎದುರು ಸುಮ್ಮನೆ ಕೂತಳು, ಅವರೂ ಕೂತರು. ಡಿಸೆಂಬರಿನಲ್ಲಿ ಒಂದು ದಿನ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ, "ಸಾಕು" ಎಂದರೆ ಏನು ಎಂದು ಕೇಳಿದರು. ಪಾಠದ ನಡುವೆ ಮಗಳು ಹಾಗೆಂದಿದ್ದಳಂತೆ. ಅಲ್ಲಿಂದ ಆಕೆ ಪ್ರತಿ ಪಾಠದ ಕೊನೆಗೆ ಪುಸ್ತಕ ಮುಚ್ಚಿ "ಸಾಕಾ?" ಎನ್ನತೊಡಗಿದರು. ಯುಗಾದಿ ಹೊತ್ತಿಗೆ ಮಗಳು ಆ ಕೋಣೆಯೊಳಗೆ, ಅವರೊಬ್ಬರ ಜೊತೆ, ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಹೇಳುತ್ತಿದ್ದಳು. ನಾನು ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಸಂತೋಷ ಪಡಬೇಕಾದ ಸಂಗತಿ ಎಂದು ಗೊತ್ತಿತ್ತು.

ಆ ಬೇಸಿಗೆಯಲ್ಲಿ ವಾಷಿಂಗ್ಟನ್ನಿನ ದೊಡ್ಡ ಕೋರ್ಟು, ಸರ್ಕಾರದ ಟೀಚರುಗಳು ಧಾರ್ಮಿಕ ಶಾಲೆಯ ಒಳಗೆ ಹೋಗಿ ಪಾಠ ಮಾಡಕೂಡದು ಎಂದುಬಿಟ್ಟಿತು.

ನನ್ನ ಗಂಡ ಪೇಪರ್ ಓದಿ ತಲೆ ಆಡಿಸಿದರು. "ಕೋರ್ಟು ಹೇಳಿದ್ದು ಕರೆಕ್ಟಾಗೇ ಇದೆ ಕಣೆ."

"ಏನ್ರೀ ಕರೆಕ್ಟು? ಅಕ್ಷರ ಕಲಿಸೋದಕ್ಕೆ ಯಾವ ದೇವರು ಅಡ್ಡ ಬರ್ತಾನೆ?"

"ನನ್ನ ಟ್ಯಾಕ್ಸು ಚರ್ಚಿಗೆ ಯಾಕೆ ಹೋಗ್ಬೇಕು? ನಾಳೆ ನಾವು ದೇವಸ್ಥಾನ ಕಟ್ಟಿ ಒಂದು ಸ್ಕೂಲ್ ಮಾಡಿದ್ರೆ ಸರ್ಕಾರ ಬಂದು ನಿಮ್ಮ ಗಣಪತೀನ ಡ್ರಾಯರಲ್ಲಿಡಿ ಅನ್ನತ್ತೆ. ಒಪ್ತೀಯಾ?" ಪೇಪರ್ ಮಡಿಸಿಟ್ಟರು. "ಸರ್ಕಾರದ ಟೀಚರೇ ಬೇಕು ಅಂದ್ರೆ ಸರ್ಕಾರಿ ಸ್ಕೂಲಲ್ಲೇ ಬಿಡಬಹುದಿತ್ತು. ಕಾನ್ವೆಂಟು ಕಾನ್ವೆಂಟು ಅಂತ ಕುಣಿದೋಳು ನೀನು."

ಮೈ ಉರಿಯುವ ಹಾಗೆ ಸರಿಯಾದ ಮಾತಾಡುವುದರಲ್ಲಿ ಅವರದು ಎತ್ತಿದ ಕೈ. ಆದರೆ ಆಗ ನನಗೆ ಮೈಯೂ ಉರಿಯಲಿಲ್ಲ.

ಶಾಲೆ ತೆರೆದ ವಾರ ಸಿಸ್ಟರ್ ತಂದೆತಾಯಿಯರ ಮೀಟಿಂಗು ಕರೆದರು. ಒಬ್ಬೊಬ್ಬರು ಒಂದೊಂದು ಹೇಳಿದರು. ನಾವೂ ತೆರಿಗೆ ಕಟ್ಟುವುದಿಲ್ಲವೇ ಎಂದರು ಒಬ್ಬರು. ಸರ್ಕಾರದ ದುಡ್ಡು ಬಂದರೆ ಹಿಂದೆಯೇ ಸರ್ಕಾರದ ಮೂಗೂ ಬರುತ್ತದೆ, ಹೋದದ್ದೇ ಒಳ್ಳೆಯದಾಯಿತು ಎಂದರು ಇನ್ನೊಬ್ಬರು. ನಾನು ಎದ್ದು, ನಮ್ಮಲ್ಲಿ ಇಂಥ ಶಾಲೆಗಳಿಗೆ ಸರ್ಕಾರವೇ ಸಂಬಳ ಕೊಡುತ್ತದೆ, ನಾನೂ ತೆಗೆದುಕೊಂಡಿದ್ದೇನೆ, ಯಾರಿಗೂ ಏನೂ ಆಗಲಿಲ್ಲ ಎಂದೆ. ಎಲ್ಲರೂ ನನ್ನತ್ತ ತಿರುಗಿ ನೋಡಿದರು. ಕೂತ ಮೇಲೆ ನೆನಪಾಯಿತು, ಆಗಿತ್ತು. ನನ್ನ ಮೂರನೆಯ ಕ್ಲಾಸಿನ ಮುಸ್ಲಿಂ ಹುಡುಗಿಯೊಬ್ಬಳು ಪ್ರಾರ್ಥನೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಅಸೆಂಬ್ಲಿಯಲ್ಲಿ ಅವಳ ಹಿಂದೆ ನಿಂತು ಎರಡು ಕೈಯಿಂದ ಅವಳ ಕಣ್ಣು ಮುಚ್ಚಿಸಿದ್ದೆ, ಒಂದು ವಾರ ಪೂರ್ತಿ. ಎಂಟನೆಯ ದಿನ ತಾನೇ ಮುಚ್ಚಿದಳು. ಶಿಸ್ತು ಬಂತು ಎಂದು ಹೆಡ್‌ಮಿಸ್ ಹೊಗಳಿದ್ದರು. ನಾನು ಆ ದೇವರವಳಲ್ಲ, ಅವಳೂ ಅಲ್ಲ, ಸಂಬಳ ಕೊಟ್ಟ ಸರ್ಕಾರವೂ ಅಲ್ಲ. ಇದನ್ನು ಹೇಳಲು ಮತ್ತೆ ಏಳಲಿಲ್ಲ.

ಕೊನೆಗೆ ಸಿಸ್ಟರ್ ಪರಿಹಾರ ಹೇಳಿದರು. ಟೀಚರ್ ಶಾಲೆಯ ಒಳಗೆ ಬರುವ ಹಾಗಿಲ್ಲ, ಶಾಲೆಯ ಹೊರಗೆ ಬರಬಹುದು. ಬೀದಿಯ ಆಚೆ ಬದಿಯಲ್ಲಿ ಒಂದು ವ್ಯಾನು ನಿಲ್ಲುತ್ತದೆ. ಒಳಗೆ ಮೇಜು, ಕುರ್ಚಿ, ಲೈಟು ಎಲ್ಲ ಇದೆ. ಮಕ್ಕಳು ರಸ್ತೆ ದಾಟಿ ಹೋಗಬೇಕು. ಹಾಗೆ ನಮ್ಮ ಮಗಳ ಕ್ಲಾಸು ಬೀದಿಗೆ ಬಂತು.

ಮೊದಲ ಮಂಗಳವಾರ ಮಗಳು ರಸ್ತೆ ದಾಟಿದಳು, ವ್ಯಾನಿನ ಹತ್ತಿರ ನಿಂತಳು, ಹತ್ತಲಿಲ್ಲ. ಗುರುವಾರವೂ ಹತ್ತಲಿಲ್ಲ. ಟೀಚರ್ ಕೆಳಗಿಳಿದು ಬಂದು ಮಾತಾಡಿಸಿದರು, ಚಿತ್ರದ ಪುಸ್ತಕ ತೋರಿಸಿದರು. ಸಿಸ್ಟರ್ ಈ ಬದಿಯಲ್ಲಿ ನಿಂತು ನೋಡುತ್ತಿದ್ದರು. ಮೂರನೆಯ ವಾರದ ಹೊತ್ತಿಗೆ ಮನೆಯಲ್ಲಿ ಆಡುತ್ತಿದ್ದ ಎರಡು ಮಾತೂ ನಿಂತುಹೋಯಿತು. ನೀರು ಬೇಕಾದರೆ ಲೋಟ ತೋರಿಸುತ್ತಿದ್ದಳು. ಒಂದು ವರ್ಷ ಕಷ್ಟಪಟ್ಟು ಬಂದ ಮಾತು ನನ್ನ ಕಣ್ಣೆದುರಿಗೇ ಹಿಂದಕ್ಕೆ ಹೋಗುತ್ತಿತ್ತು. ಗಾಬರಿಯಾಗಬೇಕಿತ್ತು. ನಾನು ಲೋಟಕ್ಕೆ ನೀರು ಹಾಕಿ ಕೊಡುತ್ತಿದ್ದೆ.

ಆ ಗುರುವಾರ ನಾನೇ ಅವಳ ಕೈಹಿಡಿದು ರಸ್ತೆ ದಾಟಿಸಿದೆ. ವ್ಯಾನಿನ ಹಿಂಬಾಗಿಲು ತೆರೆದಿತ್ತು, ಒಳಗೆ ಬಿಳಿ ಲೈಟು, ಹತ್ತಲು ಎರಡು ಮೆಟ್ಟಿಲು. ಟೀಚರ್ ಒಳಗಿನಿಂದ ಕೈಚಾಚಿದರು. "ಹತ್ತು ಪುಟ್ಟಿ" ಎಂದೆ. ಅವಳು ನನ್ನ ಕೈ ಬಿಡಿಸಿಕೊಂಡು, ಬೀದಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, ಕನ್ನಡದಲ್ಲಿ ಹೇಳಿದಳು.

"ನೀನು ಇಂಥಾದ್ರಲ್ಲೇ ಹೋಗಿದ್ದು. ಪಾಪು ತರಲಿಲ್ಲ. ನಾನು ಹತ್ತಲ್ಲ."

ಮಾರ್ಚಿನ ಆ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಆಂಬುಲೆನ್ಸು ನಿಂತಿತ್ತು. ಬಿಳಿ ಬಣ್ಣದ್ದು. ಪಕ್ಕದ ಮನೆಯಾಕೆ ಮಗಳನ್ನು ಎತ್ತಿಕೊಂಡು ಮೇಲಿನ ಬಾಲ್ಕನಿಯಲ್ಲಿ ನಿಂತಿದ್ದರು. ಅವಳು ನೋಡಿದ್ದಳು ಎನ್ನುವುದೇ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಟೀಚರಿಗೆ ಎಷ್ಟು ಸಂತೋಷವಾಯಿತೆಂದರೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಅವಳು ಇಷ್ಟು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಏನು ಹೇಳಿದಳು ಎಂದು ನನ್ನನ್ನು ಕೇಳಿದರು.

"ಮೆಟ್ಟಿಲು ಎತ್ತರ ಅಂತಾಳೆ" ಎಂದೆ.

ಮಗಳು ನನ್ನ ಮುಖ ನೋಡಿದಳು. ಅವಳಿಗೆ ಇಂಗ್ಲಿಷ್ ಅರ್ಥವಾಗುತ್ತಿತ್ತು.

ಮುಂದಿನ ಮಂಗಳವಾರ ಹೋದಾಗ ಮೆಟ್ಟಿಲ ಕೆಳಗೆ ಮರದ ಸಣ್ಣದೊಂದು ಮಣೆ ಇತ್ತು. ಟೀಚರ್ ತಮ್ಮ ಮನೆಯಿಂದ ತಂದಿದ್ದರು. ಆ ಭಾರದ ಮೈ ಹೊತ್ತುಕೊಂಡು ಮಣೆಯ ಮೇಲೆ ಹತ್ತಿ, ಇಳಿದು, ಮತ್ತೆ ಹತ್ತಿ, ನೋಡು ಎಷ್ಟು ಸುಲಭ ಎಂದು ನನ್ನ ಮಗಳಿಗೆ ತೋರಿಸುತ್ತಿದ್ದರು. ಮಗಳು ಅವರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಕಿವಿ ಬಿಸಿಯಾಗುವಷ್ಟು ನಾಚಿಕೆ. ಒಂದೂವರೆ ವರ್ಷದಲ್ಲಿ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು.

ಟೀಚರ ಹತ್ತಿರ ಹೋಗಿ, ಅವಳು ಹೇಳಿದ್ದು ಅದಲ್ಲ ಎಂದೆ.